ಹಿಡಿದಷ್ಟು ಹಿಟ್ಟು

ಗ್ರೋನಿಂಗೆನ್, ೪ ನವೆಂಬರ್ ೧೯೮೬

ಪ್ರೀತಿಯ ಅತ್ತೆಯವರಿಗೆ,

ಇದು ನಾನು ಸ್ಪ್ಯಾನಿಷಿನಲ್ಲಿ ಬರೆಯುತ್ತಿರುವ ಮೊದಲ ಕಾಗದ. ಫೆರ್ಮಿನ್ ಸಹಾಯ ಮಾಡುತ್ತೇನೆ ಅಂದ. ನಾನು ಬೇಡ ಅಂದೆ. ತಪ್ಪುಗಳಿದ್ದರೆ ಎಲ್ಲವೂ ನನ್ನ ಸ್ವಂತದವು.

ವಾರಕ್ಕೆ ಎರಡು ಸಂಜೆ ತರಗತಿಗೆ ಹೋಗುತ್ತೇನೆ. ಈಗ ಅಡುಗೆಮನೆಯ ಪಾಠ ನಡೆಯುತ್ತಿದೆ. ಚಮಚ, ಲೋಟ, ಲೀಟರ್, ಕಾಲು ಕಿಲೋ ಎಲ್ಲ ಬಾಯಿಪಾಠ ಆಗಿದೆ. ನಾನು ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗುವವಳು. ತೂಕದ ಮಾತು ನನಗೆ ಬೇಗ ಹತ್ತುತ್ತದೆ. ಮೇಡಂ ಎಲ್ಲರ ಎದುರಿಗೆ ನನ್ನನ್ನು ಹೊಗಳಿದರು.

ಈಸ್ಟರ್ ಹತ್ತಿರ ಬಂದರೆ ಫೆರ್ಮಿನ್ ಮಂಕಾಗುತ್ತಾನೆ. ಏನು ಅಂತ ಕೇಳಿದರೆ 'ಅಮ್ಮನ ರೋಸ್ಕೊ' ಅನ್ನುತ್ತಾನೆ. ಸೋಂಪಿನ ವಾಸನೆಯ ಆ ಸಿಹಿ ಬಳೆಗಳನ್ನು ಬರುವ ಈಸ್ಟರಿಗೆ ನಾನೇ ಮಾಡಿಕೊಡಬೇಕು ಅಂತ ಆಸೆ. ದಯವಿಟ್ಟು ಅಳತೆ ಬರೆದು ಕಳಿಸಿ. ಗ್ರಾಂನಲ್ಲಿ ಬರೆದರೆ ಸಂತೋಷ.

ನಿಮ್ಮ ಸೊಸೆ,
ಅನ್ನೆಕೆ


ನವಸೇಕಾ, ತೊಲೇದೊ, ೨೩ ನವೆಂಬರ್ ೧೯೮೬

ಶ್ರೀಮತಿ ಅನ್ನೆಕೆಯವರಿಗೆ,

ಕಾಗದ ತಲುಪಿತು. ನಿಮ್ಮ ಅಕ್ಷರ ಚೆನ್ನಾಗಿದೆ. ನನ್ನ ಮಗನದು ಹುಟ್ಟಿದಾಗಿನಿಂದ ಹೀಗಿಲ್ಲ.

ಗ್ರಾಂ ನಮ್ಮ ಮನೆಯಲ್ಲಿ ಇಲ್ಲ. ತಕ್ಕಡಿ ಇದ್ದದ್ದು ಹಂದಿ ಕಡಿದಾಗ ಮಾಂಸ ತೂಗುವುದಕ್ಕೆ, ಅದೂ ಈಗ ತುಕ್ಕು ಹಿಡಿದಿದೆ. ನಮ್ಮತ್ತೆ ನನಗೆ ಹೇಳಿದ ಹಾಗೇ ನಾನು ನಿಮಗೆ ಹೇಳುತ್ತೇನೆ. ಮೊಟ್ಟೆ ಒಡೆದು ಬಟ್ಟಲಿಗೆ ಹಾಕಿ. ಚಿಪ್ಪು ಎಸೆಯಬೇಡಿ, ಅದೇ ಅಳತೆ. ಒಂದು ಮೊಟ್ಟೆಗೆ ಎರಡು ಚಿಪ್ಪು ಎಣ್ಣೆ, ಒಂದು ಚಿಪ್ಪು ಸೋಂಪಿನ ಮದ್ಯ, ಮೂರು ಚಿಪ್ಪು ಸಕ್ಕರೆ. ಎಣ್ಣೆಯನ್ನು ಮೊದಲೇ ನಿಂಬೆ ಸಿಪ್ಪೆ ಹಾಕಿ ಒಂದು ಕ್ರೇದೊ ಹೊತ್ತು ಕಾಯಿಸಿ ಆರಿಸಿಕೊಳ್ಳಿ. ಉಪ್ಪು ಒಂದು ಪಿಥ್ಕಾ, ಸೋಡಾ ಒಂದು ಪಿಥ್ಕಾ. ಡಜನ್ ಮೊಟ್ಟೆಗಾದರೆ ಸೋಂಪಿನ ಕಾಳು ಒಂದು ಪುನ್ಯಾದೊ. ಹಿಟ್ಟು, ಹಿಡಿದಷ್ಟು.

ಇದನ್ನು ಬರೀ ತಿಂಡಿ ಅಂದುಕೊಳ್ಳಬೇಡಿ. ಈಸ್ಟರ್‌ಗೆ ಮುಂಚಿನ ಬುಧವಾರ ಬೇಕರಿಯ ಎಲೆಉತೇರಿಯೊ ರೊಟ್ಟಿ ತೆಗೆದ ಮೇಲೆ ಒಲೆಯನ್ನು ಊರ ಹೆಂಗಸರಿಗೆ ಬಿಟ್ಟುಕೊಡುತ್ತಾನೆ. ಒಲೆ ಹದವಾಗಿರುವ ಮೊದಲ ಸರದಿ ನಮ್ಮ ಮನೆಯದು. ನಮ್ಮತ್ತೆಯ ಅತ್ತೆಯ ಕಾಲದಿಂದ ನಮ್ಮದೇ. ಮನೆಯ ಹೆಂಗಸು ಅಲ್ಲೇ ಎಲ್ಲರ ಎದುರಿಗೆ ನಾದಬೇಕು. ಒಂದು ವರ್ಷ ತಪ್ಪಿದರೆ ಸರದಿ ಪಕ್ಕದ ಮನೆಗೆ ಹೋಗುತ್ತದೆ, ಮತ್ತೆ ವಾಪಸ್ ಬರುವುದಿಲ್ಲ. ಪಕ್ಕದ ಮನೆಯವಳು ಅಂದರೆ ವಿಸಿ. ಯುದ್ಧದ ಕಾಲದಲ್ಲೂ ನಾವು ತಪ್ಪಿಸಲಿಲ್ಲ, ತಿಳಿಯಿತೇ?

ಅಕ್ಷರ ಸೊಟ್ಟಗಿದೆ. ಹೊಸ ಕನ್ನಡಕ ಇನ್ನೂ ಹೊಂದಿಕೊಂಡಿಲ್ಲ.

ಒಬ್ದೂಲಿಯಾ


ಗ್ರೋನಿಂಗೆನ್, ೯ ಡಿಸೆಂಬರ್ ೧೯೮೬

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಅಳತೆಗಳನ್ನು ತರಗತಿಗೆ ತೆಗೆದುಕೊಂಡು ಹೋದೆ. ಮೇಡಂ ಕರಿಹಲಗೆಯ ಮೇಲೆ ಬರೆಸಿದರು. ಪಿಥ್ಕಾ ಅಂದರೆ ಎರಡು ಬೆರಳಿನ ಚಿಟಿಕೆ, ಪುನ್ಯಾದೊ ಅಂದರೆ ಮುಷ್ಟಿ ತುಂಬ. ಇವು ಪಠ್ಯಪುಸ್ತಕದಲ್ಲಿ ಇಲ್ಲ. ಈಗ ಇಡೀ ತರಗತಿಗೆ ಗೊತ್ತು, ಮೊದಲು ಗೊತ್ತಾದದ್ದು ನನಗೆ. ಆದರೆ ಯಾರ ಮುಷ್ಟಿ ಅಂತ ಕೇಳಿದೆ. ಮೇಡಂ ನಕ್ಕುಬಿಟ್ಟರು.

ಕ್ರೇದೊ ಅನ್ನುವುದು ಅಳತೆಯಲ್ಲ, ಪ್ರಾರ್ಥನೆ ಅಂತ ಫೆರ್ಮಿನ್ ಹೇಳಿದ. ನಮ್ಮ ಮನೆಯವರು ಚರ್ಚಿಗೆ ಹೋದವರಲ್ಲ, ಅದಕ್ಕೇ ಅವನನ್ನು ಒಲೆ ಪಕ್ಕ ನಿಲ್ಲಿಸಿ ಹೇಳಿಸಿದೆ. ಅರ್ಧಕ್ಕೆ ಮರೆತ. ಮತ್ತೆ ಮೊದಲಿನಿಂದ ಶುರು ಮಾಡಿದ, ಅದೇ ಜಾಗದಲ್ಲಿ ಮತ್ತೆ ಮರೆತ. ಅಷ್ಟರಲ್ಲಿ ಎಣ್ಣೆ ಹೊಗೆ ಮನೆಯೆಲ್ಲ ತುಂಬಿ ಪಕ್ಕದ ಮನೆಯವರು ಬಾಗಿಲು ಬಡಿದರು.

ರೋಸ್ಕೊ ಕಲ್ಲಾಯಿತು. ಒಂದು ಕೈಜಾರಿ ಬಿದ್ದು ನೆಲದ ಹೆಂಚು ಬಿರುಕು ಬಿಟ್ಟಿತು. ಫೆರ್ಮಿನ್ ಕಾಫಿಯಲ್ಲಿ ನೆನೆಸಿ ನೆನೆಸಿ ತಿಂದ, ಪಾಪ. ಆಮೇಲೆ ಹೇಳಿದ: "ನಮ್ಮೂರ್ ಹೆಂಗಸ್ರು ಅಡುಗೆ ಹೇಳ್ಕೊಡುವಾಗ ಒಂದ್ ಸಾಮಾನು ಬೇಕೂಂತ್ಲೇ ಮರೀತಾರೆ ಕಣೆ." ನೀವೇನಾದರೂ ಮರೆತಿದ್ದೀರಾ? ಮತ್ತೆ, ಹಿಟ್ಟು ಹಿಡಿದಷ್ಟು ಅಂದರೆ ಸುಮಾರು ಎಷ್ಟು ಗ್ರಾಂ?

ಅನ್ನೆಕೆ


ನವಸೇಕಾ, ೨ ಜನವರಿ ೧೯೮೭

ಶ್ರೀಮತಿಯವರಿಗೆ,

ಮರೆತೆನಂತೆ! ಬೇಕಂತಲೇ ಮರೆಯುವುದು ವಿಸಿಯ ಮನೆಯವರ ಚಾಳಿ. ಈ ಮನೆಯದಲ್ಲ. ಹಾಗೆ ಹೇಳಿದ ನನ್ನ ಮಗನಿಗೆ ಹೇಳಿ, ಬಂದಾಗ ಅವನ ಕಿವಿ ಹಿಂಡುತ್ತೇನೆ ಅಂತ. ಕ್ರೇದೊ ಮರೆತವನಿಗೆ ಅಮ್ಮನ ಮೇಲೆ ದೂರು ಹೇಳಲು ಮಾತ್ರ ನೆನಪಿದೆ.

ಚಿಪ್ಪು ಅಂದರೆ ಚಿಪ್ಪು. ಹಿಡಿದಷ್ಟು ಅಂದರೆ ಹಿಡಿದಷ್ಟು. ಹಿಟ್ಟನ್ನು ತೂಗಿದರೆ ಅದು ಏನು ಹೇಳುತ್ತದೆ? ಕೈ ಹಾಕಿ ಕೇಳಬೇಕು.

ವಿಸಿ ಕ್ರಿಸ್ಮಸ್‌ಗೆ ಬಂದಿದ್ದಳು. "ಈ ವರ್ಷ ಯಾಕ್ ಒದ್ದಾಡ್ತೀಯ ಒಬ್ದೂಲಿಯಾ, ನನ್ನದ್ರ ಜೊತೆ ನಿಂದೂ ನಾದ್‌ಬಿಡ್ತೀನಿ ಬಿಡು" ಅಂದಳು. ಬಾಗಿಲು ತೋರಿಸಿದೆ.

ಹೆಚ್ಚು ಬರೆಯಲು ಆಗುತ್ತಿಲ್ಲ.

ಒಬ್ದೂಲಿಯಾ


ಗ್ರೋನಿಂಗೆನ್, ೧೮ ಜನವರಿ ೧೯೮೭

ಅತ್ತೆಯವರಿಗೆ,

ನಿಮ್ಮ ಕಾಗದ ಓದಲು ನನಗೆ ಎರಡು ಸಂಜೆ ಬೇಕಾಯಿತು. ಮೇಡಂಗೆ ತೋರಿಸಿದೆ, ಅವರಿಗೂ ಅರ್ಧ ತಿಳಿಯಲಿಲ್ಲ. ಫೆರ್ಮಿನ್ ಹಡಗು ಕಟ್ಟುವ ಕಾರ್ಖಾನೆಯಿಂದ ದಣಿದು ಬಂದವನು ನೋಡಿ, "ಅಮ್ಮನ ಅಕ್ಷರ ಹಿಂಗಿರ್ಲಿಲ್ಲ, ಕೋಪದಲ್ಲಿ ಗೀಚಿದ್ದಾಳೆ" ಅಂದ.

ನಾನು ಒಂದೊಂದು ಪದಕ್ಕೂ ನಿಘಂಟು ತೆಗೆದು ನೆಟ್ಟಗೆ ಬರೆಯುತ್ತೇನೆ. ನೀವು ಕೋಳಿ ಕೆರೆದ ಹಾಗೆ ಗೀಚಿ ಕಳಿಸುತ್ತೀರಿ. ಈ ಹೊರಗಿನವಳಿಗೆ ಇಷ್ಟು ಸಾಕು ಅಂತ ತಾನೆ? ಇನ್ನೂ ನನ್ನನ್ನು ಶ್ರೀಮತಿ ಅಂತ ಕರೆಯುತ್ತೀರಿ. ನಾನು ನಿಮ್ಮ ಸೊಸೆಯಾಗಿ ಆರು ವರ್ಷ ಆಯಿತು.

ಚಿಪ್ಪು ಅಂದರೆ ಚಿಪ್ಪು ಅಂದಿರಿ. ನಾನು ಏನು ತಪ್ಪು ಮಾಡಿದೆ ಹೇಳಿ. ನಮ್ಮಲ್ಲಿ ಮೊಟ್ಟೆಯನ್ನು ಹೇಗೆ ಒಡೆಯುತ್ತಾರೋ ಹಾಗೇ ಒಡೆದೆ. ಚಾಕುವಿನಿಂದ ತುದಿ ಹಾರಿಸಿ, ಒಳಗಿನದನ್ನು ಬಟ್ಟಲಿಗೆ ಸುರಿದು, ಆ ಪುಟ್ಟ ಟೋಪಿಯಲ್ಲಿ ಎಣ್ಣೆ, ಮದ್ಯ, ಸಕ್ಕರೆ ಅಳೆದೆ. ಒಂದು ಹನಿ ಚೆಲ್ಲಲಿಲ್ಲ. ಹೇಳಿಕೊಡಲು ಇಷ್ಟ ಇಲ್ಲದಿದ್ದರೆ ಇಲ್ಲ ಅನ್ನಿ. ನಮ್ಮ ಊರಿನಲ್ಲಿ ಮುಖದ ಮೇಲೆ ಹೇಳುತ್ತಾರೆ.

ಅನ್ನೆಕೆ


ನವಸೇಕಾ, ೧ ಫೆಬ್ರವರಿ ೧೯೮೭

ಅನ್ನೆಕೆ,

ಅಯ್ಯೋ ನನ್ನ ತಾಯಿ! ಮೊಟ್ಟೆಯ ಟೋಪಿ! ಕಾಗದ ಓದಿ ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆ. ಯಾರೇ ನಿನಗೆ ಮೊಟ್ಟೆಯ ತಲೆ ಕಡಿಯಲು ಹೇಳಿದ್ದು? ಇಲ್ಲಿ ಮೊಟ್ಟೆಯನ್ನು ಬಟ್ಟಲಿನ ಅಂಚಿಗೆ ನಡು ಮಧ್ಯಕ್ಕೆ ಕುಟ್ಟುತ್ತೇವೆ. ಎರಡು ಸಮ ಹೋಳು. ಅದರಲ್ಲಿ ಒಂದು ಹೋಳೇ ಚಿಪ್ಪು. ನೀನು ಅಳೆದದ್ದು ಗುಬ್ಬಚ್ಚಿಯ ಪಾಲು. ಕಲ್ಲಾಗದೆ ಇನ್ನೇನಾಗುತ್ತದೆ? ಆದರೆ ಹೇಳದೆ ಹೋದದ್ದು ನಾನು. ಇನ್ನೊಂದು ರೀತಿ ಒಡೆಯುವ ಜನ ಇರುತ್ತಾರೆ ಅಂತ ನನಗೆ ಹೊಳೆಯಲೇ ಇಲ್ಲ.

ನಕ್ಕಾದ ಮೇಲೆ ನಿನ್ನ ಇನ್ನೊಂದು ಮಾತು ಓದಿದೆ. ಅದಕ್ಕೆ ಉತ್ತರ ಕೊಡದೆ ಬಿಡುವವಳಲ್ಲ ನಾನು.

ಕನ್ನಡಕ ಹೊಸದಲ್ಲ. ಅಕ್ಟೋಬರ್ ಕೊನೆಯಲ್ಲಿ ಒಂದು ಬೆಳಿಗ್ಗೆ ಎದ್ದಾಗ ಬಲಗೈ ಮಾತು ಕೇಳಲಿಲ್ಲ. ಡಾಕ್ಟರು ಅದಕ್ಕೆ ಒಂದು ಉದ್ದ ಹೆಸರು ಹೇಳಿ ಮಾತ್ರೆ ಕೊಟ್ಟರು. ಭುಜ ಸರಿಯಾಯಿತು, ಬೆರಳು ಸರಿಯಾಗಲಿಲ್ಲ. ಹಿಟ್ಟು ಮುಟ್ಟಿದರೆ ಹಿಟ್ಟೋ ಮರಳೋ ತಿಳಿಯುವುದಿಲ್ಲ. ಈ ಕಾಗದಗಳನ್ನೆಲ್ಲ ಎಡಗೈಯಲ್ಲಿ ಬರೆದಿದ್ದೇನೆ, ನಾಲಿಗೆ ಕಚ್ಚಿಕೊಂಡು, ಶಾಲೆಗೆ ಹೊಸದಾಗಿ ಸೇರಿದ ಮಗುವಿನ ಹಾಗೆ. ನಿನಗೆ ಕೋಳಿ ಕೆರೆದ ಹಾಗೆ ಕಂಡದ್ದು ನನಗೆ ಒಂದೊಂದು ಭಾನುವಾರದ ಕೆಲಸ. ಬೇಡದವಳಿಗೆ ಯಾರಾದರೂ ಇಷ್ಟು ಕಷ್ಟಪಡುತ್ತಾರೇನೆ?

ಶ್ರೀಮತಿ ಅಂದದ್ದು ನಿಜ. ನೀನು ಇಷ್ಟು ಅಚ್ಚುಕಟ್ಟಾಗಿ ಬರೆದಾಗ ನನಗೂ ಬಿಗುಮಾನ ಬಂತು.

ವಿಸಿಗೆ ವಾಸನೆ ಬಡಿದಿದೆ, ಆದರೆ ಖಾತ್ರಿಯಿಲ್ಲ. ಬೀದಿಗೆ ಹೋಗುವಾಗ ಕೈಯನ್ನು ಶಾಲಿನೊಳಗೆ ಇಟ್ಟುಕೊಳ್ಳುತ್ತೇನೆ. ಈ ಸಲದ ಬುಧವಾರಕ್ಕೆ ನಮ್ಮ ಮನೆಯಿಂದ ನಾದುವವರಿಲ್ಲ. ಸರದಿ ಹೋಗುತ್ತದೆ, ಅದೂ ನನ್ನ ಕಾಲದಲ್ಲಿ. ಅದೊಂದನ್ನು ನೆನೆದರೆ ಎದೆ ಉರಿಯುತ್ತದೆ. ಫೆರ್ಮಿನ್‌ಗೆ ಹೇಳಬೇಡ. ಅವನು ಕೆಲಸ ಬಿಟ್ಟು ಓಡಿಬರುತ್ತಾನೆ, ಬಂದು ಅಳುತ್ತಾನೆ. ಅಳುವವರು ಬೇಕಾಗಿಲ್ಲ.

ಒಬ್ದೂಲಿಯಾ


ಗ್ರೋನಿಂಗೆನ್, ೧೫ ಫೆಬ್ರವರಿ ೧೯೮೭

ಪ್ರೀತಿಯ ಅತ್ತೆ,

ನಿಮ್ಮ ಐದು ಪುಟವನ್ನು ಬಸ್ಸಿನಲ್ಲಿ ಓದಿ, ಇಳಿಯಬೇಕಾದ ಕಡೆ ಇಳಿಯಲಿಲ್ಲ. ಬಹಳ ದೂರ ಹೋಗಿ ನಡೆದು ವಾಪಸ್ ಬಂದೆ. ನಾನು ಆಡಿದ ಮಾತು ನೆನೆದು ನಾಚಿಕೆಯಾಯಿತು. ಇಷ್ಟು ಹೇಳಿ ಸುಮ್ಮನಾಗುತ್ತೇನೆ, ಅಳುವವರು ಬೇಡ ಅಂದಿದ್ದೀರಿ.

ಫೆರ್ಮಿನ್‌ಗೆ ಹೇಳಿಲ್ಲ. ಇದು ಸುಲಭವಲ್ಲ. ಅವನು ನನ್ನ ಮುಖ ನೋಡಿ, "ಅಮ್ಮ ಮತ್ತೆ ಬೈದ್ಳಾ?" ಅಂತ ಕೇಳುತ್ತಾನೆ. ಹೌದು ಅನ್ನುತ್ತೇನೆ.

ಈಗ ಮುಖ್ಯ ವಿಷಯ. ಮೊಟ್ಟೆ ನಡುವಿಗೆ ಒಡೆದೆ. ರೋಸ್ಕೊ ಬಂತು! ಕಚ್ಚಿದರೆ ಪುಡಿಯಾಗುತ್ತದೆ, ಬಾಯಿಗಿಟ್ಟರೆ ಕರಗುತ್ತದೆ. ಫೆರ್ಮಿನ್ ಮೊದಲನೆಯದನ್ನು ತಿಂದು ಕಿಟಕಿ ಕಡೆ ತಿರುಗಿ ನಿಂತ. ಆಮೇಲೆ ತಟ್ಟೆ ಖಾಲಿ ಮಾಡಿದ.

ಅಂದಿನಿಂದ ದಿನ ಬಿಟ್ಟು ದಿನ ಮಾಡುತ್ತಿದ್ದೇನೆ. ಅಂಚೆ ಕಚೇರಿಯವರೆಲ್ಲ ರೋಸ್ಕೊ ತಿಂದು ದಪ್ಪಗಾಗುತ್ತಿದ್ದಾರೆ. ನಿಮಗೆ ಹೇಳದೆ ಕದ್ದು ಹಿಟ್ಟು ತೂಗಿದೆ, ಅಭ್ಯಾಸ ಬಿಡುವುದಿಲ್ಲ ನೋಡಿ. ಒಂದು ದಿನ ತೂಗಿದ್ದು ಇನ್ನೊಂದು ದಿನಕ್ಕೆ ಸರಿಹೋಗುವುದಿಲ್ಲ. ಮಂಜು ಕವಿದ ದಿನ ಒಂದು, ಬಿಸಿಲಿದ್ದ ದಿನ ಇನ್ನೊಂದು. ಮೊಟ್ಟೆ ದೊಡ್ಡದಾದರೆ ಚಿಪ್ಪೂ ದೊಡ್ಡದು, ಅದು ತಾನಾಗಿ ಸರಿಹೋಗುತ್ತದೆ. ಹಿಟ್ಟು ಮಾತ್ರ ದಿನಕ್ಕೊಂದು ಥರ. ಹಿಡಿದಷ್ಟು, ಅಂದರೆ ಕಲಸಿದ್ದು ಹೀರಿಕೊಂಡಷ್ಟು, ಅನ್ನುವ ಅಳತೆಗೆ ಗ್ರಾಂ ಯಾಕಿಲ್ಲ ಅಂತ ಈಗ ಗೊತ್ತಾಯಿತು. ತರಗತಿಯಲ್ಲಿ ನಾನೇ ಎದ್ದು ನಿಂತು ಇದನ್ನು ಪಾಠ ಮಾಡಿದೆ.

ಏಪ್ರಿಲ್‌ಗೆ ರಜೆ ಬರೆದು ಕೊಟ್ಟಾಗಿದೆ. ನಾನು ಬರುತ್ತೇನೆ, ನಾನೇ ನಾದುತ್ತೇನೆ. ಬರಲಾ ಅಂತ ಕೇಳುತ್ತಿಲ್ಲ. ಸೊಸೆ ನಾದಿದರೆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ಅದಷ್ಟೇ ಹೇಳಿ.

ಅನ್ನೆಕೆ


ನವಸೇಕಾ, ೫ ಮಾರ್ಚ್ ೧೯೮೭

ಅನ್ನೆಕೆ ಮಗಳೇ,

ಒಂದು ವಾರ ನಿನ್ನ ಕಾಗದವನ್ನು ಏಪ್ರನ್ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ. ಮೊದಲು ಬೇಡ ಅನ್ನೋಣ ಅನ್ನಿಸಿತು. ನೀನು ಎಲ್ಲರ ಎದುರಿಗೆ ಕೆಡಿಸಿದರೆ, ಸರದಿಯ ಜೊತೆ ನಿನ್ನ ಮಾನವೂ ಹೋಗುತ್ತದೆ. ಆಮೇಲೆ ಎದ್ದು ಬೇಕರಿಗೆ ಹೋದೆ. ವಿಸಿ ಅಲ್ಲೇ ಇದ್ದಳು.

"ಈ ಸಲ ನನ್ ಸೊಸೆ ನಾದ್ತಾಳೆ" ಅಂದೆ.

"ಆ ಬೆಣ್ಣೇಲಿ ಅಡುಗೆ ಮಾಡೋ ದೇಶದವ್ಳಾ?" ಅಂದಳು ವಿಸಿ. "ಮನೆ ಹೆಂಗಸು ಅಂದ್ರೆ ಈ ಊರಲ್ಲಿ ಬದುಕೋ ಹೆಂಗಸು. ಅವ್ಳಿಗೆ ಎಣ್ಣೆಗೂ ನೀರಿಗೂ ವ್ಯತ್ಯಾಸ ಗೊತ್ತಿದ್ಯಾ? ಮದುವೇನೂ ಚರ್ಚಲ್ಲಿ ಆಗಿಲ್ಲ."

"ನೀನೂ ಪಕ್ಕದೂರಿಂದ ಬಂದವ್ಳೇ ಅಲ್ವೇನೆ? ಮೂಟೆ ಕಟ್ಕೊಂಡು ಕತ್ತೆ ಮೇಲೆ ಬಂದಿದ್ದು ನಾನ್ ನೋಡಿದ್ದೀನಿ."

ಎಲೆಉತೇರಿಯೊ ಹಿಟ್ಟು ಕೊಡವಿಕೊಂಡು ತೀರ್ಪು ಕೊಟ್ಟ: "ಸೊಸೆ ಅಂದ್ರೆ ಮನೆಯವ್ಳೇ. ಆದ್ರೆ ಎಲ್ಲರ ಥರಾನೇ ನಾದ್ಬೇಕು. ತಕ್ಕಡಿ ಇಲ್ಲ, ಚೀಟಿ ಇಲ್ಲ, ಯಾರೂ ಹೇಳ್ಕೊಡೋ ಹಾಗಿಲ್ಲ. ನೀನೂ ಹೇಳ್ಕೊಡೋ ಹಾಗಿಲ್ಲ, ಒಬ್ದೂಲಿಯಾ. ರೋಸ್ಕೊ ಬಂದ್ರೆ ಸರದಿ ಉಳೀತು, ಬರ್ಲಿಲ್ಲಾಂದ್ರೆ ಹೋಯ್ತು."

ಆಗಲಿ ಅಂದೆ.

ಇನ್ನು ನನ್ನಲ್ಲಿ ಉಳಿದಿರುವುದು ಒಂದೇ ಪಾಠ. ಹಿಟ್ಟು ಸಾಕಾಯಿತೋ ಇಲ್ಲವೋ ನೋಡಲು ಒಂದು ಕೈಯಲ್ಲಿ ಅದನ್ನು ಚಿವುಟು, ಇನ್ನೊಂದರಲ್ಲಿ ನಿನ್ನ ಕಿವಿಯ ಹಾಲೆ ಚಿವುಟು. ಎರಡೂ ಒಂದೇ ಥರ ಇದ್ದರೆ ನಿಲ್ಲಿಸು. ಅಲ್ಲಿಂದಾಚೆ ಒಂದು ಪಿಥ್ಕಾ ಹಾಕಿದರೂ ಕೆಟ್ಟಿತು. ಎಲ್ಲರೂ ಹೆಚ್ಚು ಹಾಕಿಯೇ ಕೆಡಿಸುವುದು, ಭಯಕ್ಕೆ.

ನಾನು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ರಾಣಿಯ ಹಾಗೆ ಕೂತಿರುತ್ತೇನೆ, ಕೈ ಶಾಲಿನೊಳಗೆ. ಸೊಸೆಗೆ ವಹಿಸಿಕೊಟ್ಟಿದ್ದೇನೆ ಅಂತ ಎಲ್ಲರೂ ಅಂದುಕೊಳ್ಳಲಿ.

ನಿನ್ನ ಅತ್ತೆ,
ಒಬ್ದೂಲಿಯಾ


ಗ್ರೋನಿಂಗೆನ್, ೨೪ ಮಾರ್ಚ್ ೧೯೮೭

ಪ್ರೀತಿಯ ಅತ್ತೆ,

ಆ ಬುಧವಾರಕ್ಕೆ ಮುಂಚಿನ ಭಾನುವಾರ ಸಂಜೆಯ ಬಸ್ಸಿಗೆ ಬರುತ್ತೇನೆ. ಒಬ್ಬಳೇ. ಫೆರ್ಮಿನ್‌ಗೆ ಹಡಗು ನೀರಿಗಿಳಿಸುವ ಕೆಲಸವಿದೆ. "ನೀನು ಅಮ್ಮನ ಮನೇಗೆ ಒಬ್ಬಳೇ ಹೋಗ್ತೀಯಾ? ಸ್ವಂತ ಇಷ್ಟದಿಂದ?" ಅಂತ ಮತ್ತೆ ಮತ್ತೆ ಕೇಳುತ್ತಾನೆ.

ಕೌಂಟರಿನಲ್ಲಿ ಕೂತು ಕಿವಿ ಚಿವುಟಿಕೊಳ್ಳುತ್ತಿರುತ್ತೇನೆ. ನಿನ್ನೆ ಒಬ್ಬ ಮುದುಕ, "ಕಿವಿನೋವಾ ತಾಯೀ? ಬಿಸಿ ಈರುಳ್ಳಿ ಇಟ್ಕೋ" ಅಂದ. ಭಯವಿದೆ ಅತ್ತೆ, ಸುಳ್ಳು ಹೇಳುವುದಿಲ್ಲ. ರಾತ್ರಿ ವಿಸಿಯ ಮುಖ ಕನಸಿಗೆ ಬರುತ್ತದೆ, ನಾನು ಅವರನ್ನು ನೋಡಿಯೇ ಇಲ್ಲ. ಆದರೆ ಕೈಗೆ ಭಯವಿಲ್ಲ. ಅದಕ್ಕೆ ಈಗ ತಿಳಿಯುತ್ತದೆ.

ಅನ್ನೆಕೆ


ನವಸೇಕಾ, ೨೬ ಏಪ್ರಿಲ್ ೧೯೮೭

ಅನ್ನೆಕೆ, ನನ್ನ ಮಗಳೇ,

ನೀನು ಬಸ್ಸು ಹತ್ತಿ ಹೋದ ಮೇಲೆ ಮನೆ ಬಿಕೋ ಅನ್ನುತ್ತಿತ್ತು. ಅದಕ್ಕೇ ಬೈಯುವುದಕ್ಕೆ ಕೂತಿದ್ದೇನೆ. ಇಲ್ಲಿದ್ದಾಗ ಬೈಯಲು ಬಾಯಿ ಬರಲಿಲ್ಲ.

ಆ ಬುಧವಾರದ ಕಥೆ ನಿನಗೆ ಗೊತ್ತು, ಆದರೆ ನೀನು ನೋಡಿದ್ದು ಹಿಟ್ಟನ್ನು ಮಾತ್ರ. ಜನರನ್ನು ನೋಡಿದವಳು ನಾನು. ನೀನು ತೋಳು ಮಡಚಿ ಮೊಟ್ಟೆ ಕುಟ್ಟಿ ಒಂದು ಹೋಳನ್ನು ಎಣ್ಣೆಗೆ ಅದ್ದಿದಾಗ ಹೆಂಗಸರೆಲ್ಲ ಸುತ್ತ ನೆರೆದರು. ವಿಸಿ ಹತ್ತಿರ ಬಂದು ಕತ್ತು ಚಾಚಿದಳು. ಹಿಟ್ಟು ಹಾಕುತ್ತಾ ಹಾಕುತ್ತಾ ಹೋದೆ, ಒಂದು ಕಡೆ ಕೈ ತಡೆದೆ. ನನ್ನ ಕಣ್ಣಿಗೆ ಇನ್ನೂ ನೀರು ನೀರಾಗಿ ಕಂಡಿತು. ಎಲೆಉತೇರಿಯೊ ಹೇಳಿದ್ದು ಮರೆತು ಕೂಗಿಬಿಟ್ಟೆ: "ಇನ್ನೊಂದ್ ಹಿಡಿ ಹಾಕೇ!"

ನೀನು ತಿರುಗಿ ಸಹ ನೋಡಲಿಲ್ಲ. "ಬೇಡ ಅತ್ತೆ, ಇದು ಇವತ್ತು ಇಷ್ಟೇ ಹಿಡಿಯೋದು" ಅಂದೆ.

ಈ ಊರಲ್ಲಿ ನನಗೆ ಯಾರೂ ಬೇಡ ಅಂದವರಿಲ್ಲ ಕಣೆ. ನನ್ನ ಗಂಡ ಸಹ. ನೀನು ನನ್ನ ಮಾತು ಕೇಳದ್ದರಿಂದ ಎಲೆಉತೇರಿಯೊ ಅದನ್ನು ಹೇಳಿಕೊಟ್ಟದ್ದು ಅಂತ ಲೆಕ್ಕ ಹಿಡಿಯಲಿಲ್ಲ. ನೀನು ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿ ಕೈ ಕಟ್ಟಿ ನಿಂತೆ. ಆ ಹೊತ್ತಿನಲ್ಲಿ ನಾನು ಎಷ್ಟು ಸಂತರಿಗೆ ಮೇಣದಬತ್ತಿ ಹರಸಿಕೊಂಡೆನೋ ಲೆಕ್ಕವಿಲ್ಲ. ಬಟ್ಟೆ ತೆಗೆದಾಗ ಹಿಟ್ಟು ಕೈಗೆ ಅಂಟದೆ ಎದ್ದು ಬಂತು. ನಾನು ಹೇಳಿದ ಹಿಡಿ ಹಾಕಿದ್ದರೆ ಕೆಟ್ಟುಹೋಗುತ್ತಿತ್ತು. ನಾನು ತಪ್ಪು, ನೀನು ಸರಿ. ಇದನ್ನು ಎಡಗೈಯಲ್ಲಿ ಬರೆದಿದ್ದೇನೆ, ನಿಧಾನವಾಗಿ, ಓದಲು ಬರುವ ಹಾಗೆ.

ಒಲೆಯಿಂದ ತಟ್ಟೆ ಬಂದಾಗ ವಿಸಿ ಒಂದು ತೆಗೆದು ಕಚ್ಚಿದಳು. ನಿಧಾನವಾಗಿ ಅಗಿದಳು. ನೀನು ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದೆ. ಅವಳು ಇನ್ನೊಂದು ತೆಗೆದುಕೊಂಡು, "ಹೂಂ. ನಿನ್ ಕೈ ರುಚೀನೇ" ಅಂದಳು.

ಆಗ ನಾನು ಶಾಲು ತೆಗೆದೆ. ಬಲಗೈಯನ್ನು ಎಡಗೈಯಿಂದ ಎತ್ತಿ ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ಇಟ್ಟೆ. "ನನ್ ಕೈ ಅಲ್ಲ. ಇದು ಹೋಗಿ ಆರು ತಿಂಗಳಾಯ್ತು. ಆದ್ರೆ ನಮ್ಮನೇಲಿ ಇನ್ನೆರಡು ಕೈ ಇವೆ" ಅಂದೆ. ವಿಸಿ ಬಾಯಲ್ಲಿದ್ದದ್ದನ್ನು ನುಂಗಲು ಮರೆತಳು. ಆಮೇಲೆ ಬಂದು ಪಕ್ಕದಲ್ಲಿ ಕೂತು ಆ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಉಜ್ಜಿದಳು. "ಮುಂಚೇನೇ ಹೇಳ್ಬಾರ್ದಿತ್ತಾ ಮೂದೇವಿ" ಅಂದಳು. ನೀನು ವಾಪಸ್ ಬಂದಾಗ ನಾವಿಬ್ಬರೂ ಮೂಗು ಒರೆಸಿಕೊಳ್ಳುತ್ತಿದ್ದದ್ದು ಹೊಗೆಗಲ್ಲ.

ಇನ್ನು ಫೆರ್ಮಿನ್‌ಗೆ ಹೇಳು. ಅವನು ಅಳಲಿ, ಪರವಾಗಿಲ್ಲ. ಅತ್ತಾದ ಮೇಲೆ ಅವನಿಗೂ ಒಂದು ರೋಸ್ಕೊ ಕೊಡು.

ನಿನ್ನೆ ಮತ್ತೆ ಬೇಕರಿಗೆ ಹೋಗಿದ್ದೆ. ಸರದಿ ಬಂದಾಗ ಎಲೆಉತೇರಿಯೊ ಬಾಗಿಲಿಗೆ ಬಂದು ಹೆಂಗಸಿನ ಹೆಸರು ಹಿಡಿದು ಕೂಗುತ್ತಾನೆ, ಅರ್ಧ ಊರಿಗೆ ಕೇಳಿಸುತ್ತದೆ. ನನ್ನ ಮದುವೆಯಾದ ಮೂರನೇ ವರ್ಷದಿಂದ ಮೊದಲು ಕೂಗುವುದು ನನ್ನ ಹೆಸರು. "ಬರೋ ವರ್ಷದಿಂದ ಅದನ್ನ ಬಿಡು, ಅನ್ನೆಕೆ ಅಂತ ಕೂಗು" ಅಂದೆ. "ಅನಿಕಾ" ಅಂದ. ಅಲ್ಲ ಅಂದೆ. "ಅನೇಕೊ" ಅಂದ. ರೊಟ್ಟಿ ಕೊಳ್ಳಲು ಬಂದವರೆಲ್ಲ ಸಾಲಾಗಿ ಕಾಯುತ್ತಿದ್ದರು. ವಿಸಿ ಅವನಿಗೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿಕೊಟ್ಟಳು. ಸರಿಯಾಗಿ ಅನ್ನುವವರೆಗೂ ನಾನು ಬಾಗಿಲಿಂದ ಆಚೆ ಸರಿಯಲಿಲ್ಲ.

ನಿನ್ನ ಅಮ್ಮ,
ಒಬ್ದೂಲಿಯಾ